ಛತ್ರದ ಯಜಮಾನ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನನ್ನನ್ನು ಎರಡು ಬಾಧೆಗಳು ಒಟ್ಟಿಗೆ ಹಿಡಿಯುತ್ತವೆ. ಒಂದು ನೆಗಡಿ, ಇನ್ನೊಂದು ಯುವಜನ ಸಂಘ. ನೆಗಡಿಗೆ ಮೆಣಸಿನ ಕಷಾಯವಾದರೂ ಉಂಟು. ಯುವಜನ ಸಂಘಕ್ಕೆ ಇದುವರೆಗೆ ಯಾವ ವೈದ್ಯರೂ ಮದ್ದು ಕಂಡುಹಿಡಿದಿಲ್ಲ. ಜನವರಿ ಮೊದಲ ವಾರದಲ್ಲಿ ಮೂರು ರಾಯರ ಹಬ್ಬ ಕಳೆದ ಮೇಲೆ ಎರಡೂ ತಾವಾಗಿಯೇ ಇಳಿಯುತ್ತವೆ. ಅಲ್ಲಿಯವರೆಗೆ ಕೊರಳಿಗೆ ಮಫ್ಲರು ಸುತ್ತಿಕೊಂಡು ಎರಡನ್ನೂ ಅನುಭವಿಸುವುದೊಂದೇ ದಾರಿ.

ನಾನು ಯುವಕನಲ್ಲ. ಕನ್ನಡ ಮೇಷ್ಟರಾಗಿ ಮೂವತ್ತು ವರ್ಷ ಸೀಮೆಸುಣ್ಣ ತಿಂದು ನಿವೃತ್ತನಾದವನು. ಹೀಗಿರುವಾಗ ನಮ್ಮ ಗುಡಿಯ ಗುರುಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನನ್ನ ತೋಳು ಹಿಡಿದು, "ಮೇಷ್ಟ್ರೇ, ಮಕ್ಕಳು ಎಲ್ಲವನ್ನೂ ಅವರೇ ಮಾಡಿಕೊಳ್ತಾರೆ. ನೀವು ಸುಮ್ಮನೆ ಜೊತೆಗಿದ್ದರೆ ಸಾಕು" ಎಂದರು. ನಾನು ನಂಬಿದೆ. ಸುಮ್ಮನೆ ಜೊತೆಗಿರುವುದೆಂದರೆ ಏನೇನೆಂಬುದು ಆಮೇಲೆ ತಿಳಿಯಿತು. ಬಿದಿರು ಸೀಳಿ ನಕ್ಷತ್ರ ಕಟ್ಟುವಾಗ ಅಂಟು ಕಾಯಿಸಿಕೊಡಬೇಕು. ಗೋದಲಿಗೆ ಹುಲ್ಲು ತರಿಸಬೇಕು. ಟೆಂಪೋದವನ ಜೊತೆ ಬಾಡಿಗೆ ಚೌಕಾಸಿ ಮಾಡಬೇಕು. ಮರಿಯಮ್ಮನ ಪಾತ್ರಕ್ಕೆ ಇಬ್ಬರು ಹುಡುಗಿಯರು ಜಗಳವಾಡಿದರೆ ಒಬ್ಬಳನ್ನು ದೇವದೂತಳಾಗಲು ಒಪ್ಪಿಸಬೇಕು. ರಾತ್ರಿ ಹತ್ತೂವರೆಗೆ ಆ ಹುಡುಗಿಯರನ್ನು ಒಬ್ಬೊಬ್ಬರಾಗಿ ಅವರವರ ಮನೆಯ ಬಾಗಿಲಿಗೆ ಮುಟ್ಟಿಸಿ, ಅವರ ತಾಯಂದಿರ ಮುಖ ನೋಡಬೇಕು.

ನಮ್ಮದು ಮಂಡಕಳ್ಳಿಯ ಕಡೆ. ಮೈಸೂರಿನಿಂದ ನಂಜನಗೂಡಿನ ದಾರಿ ಹಿಡಿದವರಿಗೆ ಈ ಹೆಸರು ವಿಮಾನ ನಿಲ್ದಾಣದ ಬೋರ್ಡಿನಿಂದ ಪರಿಚಯವಾಗಿರುತ್ತದೆ. ಮಹಾರಾಜರ ಕಾಲದಲ್ಲಿ, 1940ರ ದಶಕದಲ್ಲಿ, ಇಲ್ಲಿ ವಿಮಾನ ಇಳಿಯುವ ಬಯಲಿತ್ತು. ಬಹುಕಾಲ ಅದು ಬರಿಯ ಬಯಲಾಗಿಯೇ ಉಳಿದು, 2010ರಲ್ಲಿ ಹೊಸ ನಿಲ್ದಾಣವಾಗಿ ತೆರೆಯಿತು. ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಹೊಲ ಹೋಗಿ ಸೈಟಾದ ಭೂಮಿ, ನಡುವೆ ಹೆದ್ದಾರಿ. ಅದರ ಮಗ್ಗುಲಲ್ಲಿ ಚಾಮರಾಜನಗರದ ರೈಲು. ಹೆದ್ದಾರಿಯಲ್ಲಿ ತೆಂಕಲಿಗೆ ಹೋದಂತೆ ಕಡಕೊಳ, ತಾಂಡವಪುರ, ನಂಜನಗೂಡು. ಆ ಉದ್ದಕ್ಕೂ ಕಾರ್ಖಾನೆಗಳು. ಒಂದು ವರ್ಷ ನಾವು ಹಾಡುತ್ತ ಹೊರಟಿದ್ದಾಗ ಸಂಜೆಯ ವಿಮಾನವೊಂದು ದೀಪ ಮಿನುಗಿಸಿಕೊಂಡು ತಲೆಯ ಮೇಲೆ ಇಳಿಯಿತು. ಕುರುಬನ ವೇಷದ ಪುಟ್ಟ ಹುಡುಗನೊಬ್ಬ ಬಾಯಿ ತೆರೆದು ನೋಡಿ, "ಸಾರ್, ನಮ್ಮ ನಕ್ಷತ್ರಕ್ಕಿಂತ ಅದೇ ಚೆನ್ನಾಗಿದೆ" ಎಂದ. ಮೂರು ದಿನ ಕುಳಿತು ಬಣ್ಣದ ಕಾಗದ ಅಂಟಿಸಿದ ನಮ್ಮ ಕಾರ್ಯದರ್ಶಿಗೆ ಅವನ ಮೇಲೆ ಬಂದ ಸಿಟ್ಟು ಹಬ್ಬ ಮುಗಿದರೂ ಇಳಿಯಲಿಲ್ಲ.

ಈ ಹಬ್ಬ ನಮ್ಮಲ್ಲಿ ನಡೆಯುವ ಬಗೆಯನ್ನು ಅರಿಯದವರಿಗೆ ಎರಡು ಮಾತು. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಅದು ಕಾಯುವ ಕಾಲ, ಸಿದ್ಧತೆಯ ಕಾಲ. ಆ ದಿನಗಳಲ್ಲಿ ಮನೆಮನೆಗಳಲ್ಲಿ ಕಜ್ಜಾಯದ ಪಾಕ ಏಳುತ್ತದೆ, ಚಕ್ಕುಲಿ ಸುತ್ತುತ್ತದೆ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಟ್ಟು ಗುಲಾಬಿ ಹೂ ಕರಿಯುತ್ತಾರೆ. ಗುಡಿಯಲ್ಲಿ ಗೋದಲಿ ಕಟ್ಟುತ್ತಾರೆ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಕ್ರಿಸ್ತ ಹುಟ್ಟಿದಾಗ ಮಲಗಿಸಿದ್ದು ಅದರಲ್ಲಿ. ಈಗ ಆ ಇಡೀ ಕೊಟ್ಟಿಗೆಯ ದೃಶ್ಯಕ್ಕೇ ಗೋದಲಿಯೆಂದು ಹೆಸರು. ಇಂಥ ದೃಶ್ಯವನ್ನು ಕಟ್ಟಿ ಜನಕ್ಕೆ ತೋರಿಸಿದ ಕೀರ್ತಿ ಅಸ್ಸಿಸಿಯ ಸಂತ ಫ್ರಾನ್ಸಿಸನಿಗೆ ಸಲ್ಲುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿದ್ದನಂತೆ. ನಾವು ಮಣ್ಣಿನ ಎತ್ತಿನಲ್ಲಿ ತೃಪ್ತಿ ಪಡುತ್ತೇವೆ. ಆದರೆ ಹಸಿರು ಮಾತ್ರ ನಿಜದ್ದು. ಹದಿನೈದು ದಿನ ಮುಂಚೆ ತಟ್ಟೆಗಳಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆತ್ಲೆಹೇಮಿನ ಸುತ್ತ ನಮ್ಮ ಮೈಸೂರು ಸೀಮೆಯ ರಾಗಿ ಪೈರು ಎದ್ದು ನಿಂತಿರುತ್ತದೆ.

ಹಬ್ಬಕ್ಕೆ ಎಂಟು ಹತ್ತು ದಿನವಿರುವಂತೆ ಕ್ಯಾರಲ್ ತಿರುಗಾಟ ಶುರು. ಟೆಂಪೋದಲ್ಲಿ ದೀಪದ ಸರ, ಮುಂದೆ ನಕ್ಷತ್ರ, ಒಂದು ಗಿಟಾರು, ಒಂದು ಡೋಲು, ಹತ್ತಿಯ ಗಡ್ಡದ ಕ್ರಿಸ್ಮಸ್ ತಾತ, ತಟ್ಟೆಯಲ್ಲಿ ಹುಲ್ಲಿನ ಮೇಲೆ ಬಾಲಯೇಸುವಿನ ಪುಟ್ಟ ಪ್ರತಿಮೆ. ಮನೆಯ ಮುಂದೆ ಎರಡು ಹಾಡು, ಒಂದು ಪ್ರಾರ್ಥನೆ. ಮನೆಯವರು ಪ್ರತಿಮೆಗೆ ಮುತ್ತಿಟ್ಟು, ತಟ್ಟೆಗೆ ಒಂದು ಲಕೋಟೆ ಹಾಕುತ್ತಾರೆ. ಆಮೇಲೆ ಕಾಫಿ, ಕೇಕು. ಲಕೋಟೆಯ ಹಣದಿಂದ ಹಬ್ಬದ ಖರ್ಚು ನಡೆಯುತ್ತದೆ. ಉಳಿದದ್ದು ಒಂದಿಬ್ಬರು ಮಕ್ಕಳ ಶಾಲೆಯ ಫೀಜಿಗೆ, ಯಾರದಾದರೂ ಆಸ್ಪತ್ರೆಯ ಬಿಲ್ಲಿಗೆ.

ಇಲ್ಲಿಂದ ನನ್ನ ತಪ್ಪಿನ ಕಥೆ ಆರಂಭವಾಗುತ್ತದೆ.

ಮೂರು ವರ್ಷದ ಹಿಂದೆ, ಆಗಮನ ಕಾಲದ ಎರಡನೆಯ ಭಾನುವಾರ, ನಾವು ಗುಡಿಯ ಹಿಂದಿನ ಕೋಣೆಯಲ್ಲಿ ಮನೆಗಳ ಪಟ್ಟಿ ಮಾಡುತ್ತ ಕುಳಿತಿದ್ದೆವು. ಸಂಘದಲ್ಲಿ ಆಗ ಇದ್ದವರು ಹದಿಮೂರು ಜನ. ಓದು ಮುಗಿಸಿದವರೆಲ್ಲ ಬೆಂಗಳೂರಿಗೆ ಹೋಗಿದ್ದರು. ಇನ್ನೂ ಬುದ್ಧಿವಂತರಾದವರು ದುಬೈಗೆ. ಒಂಬತ್ತು ರಾತ್ರಿಗಳಿಗೆ ಎಷ್ಟು ಮನೆ ಹಿಡಿಯುತ್ತವೆ, ಯಾವ ಬೀದಿ ಮೊದಲು, ಯಾರ ಮನೆಯಲ್ಲಿ ನಾಯಿ ಇದೆ, ಯಾರ ಮನೆಯಲ್ಲಿ ಸೂತಕ, ಇಷ್ಟೆಲ್ಲ ಲೆಕ್ಕ. ಇನ್ನೊಂದು ಲೆಕ್ಕವೂ ಇತ್ತು. ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ದಪ್ಪ ಲಕೋಟೆಯ ಮನೆಗಳಿಗೆ ಒಳ್ಳೆಯ ಹೊತ್ತು, ಏಳೂವರೆ ಎಂಟು ಗಂಟೆ. ತೆಳು ಲಕೋಟೆಯ ಮನೆಗಳಿಗೆ ಒಂಬತ್ತೂವರೆಯ ಮೇಲೆ, ಹುಡುಗರ ಗಂಟಲು ಒಡೆದ ನಂತರ. ಪಟ್ಟಿಯನ್ನು ಹಾಗೆ ಜೋಡಿಸುತ್ತಿದ್ದವನು ನಾನೇ.

ಪಟ್ಟಿ ಮುಗಿಯುವ ಹೊತ್ತಿಗೆ ನಮ್ಮ ಖಜಾಂಚಿ ಹುಡುಗಿ, ಬಿ.ಕಾಂ. ಓದುತ್ತಿದ್ದವಳು, "ಸಾರ್, ಶೆಡ್ಡಿನ ಹುಡುಗರೂ ಕರೆದಿದಾರೆ" ಎಂದಳು.

"ಯಾವ ಶೆಡ್ಡು?"

"ಅದೇ ಸಾರ್, ಕಡಕೊಳದ ಕಡೆ. ಭಾನುವಾರ ಚಪ್ಪಲಿ ಬಿಡೋ ಕಡೆ ನಿಂತಿರ್ತಾರಲ್ಲ, ಆರು ಜನ. ಅವರು ಇರೋದು ಅಲ್ಲೇ. ಹೋದ ವಾರ ನನ್ನ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದರು, ನಮ್ಮಲ್ಲಿಗೂ ಬರ್ತೀರಾ ಅಂತ."

ನನಗೆ ಅವರ ಗುರುತು ಇತ್ತು. ಇತ್ತು ಎಂದರೆ, ಗುಡಿಯ ಕಂಬದ ಗುರುತು ಇರುವ ಹಾಗೆ. ಎರಡು ವರ್ಷದಿಂದ ಬರುತ್ತಿದ್ದರು. ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸ, ಜಾರ್ಖಂಡಿನ ಕಡೆಯವರಂತೆ. ಬೆಂಚುಗಳಲ್ಲಿ ಸ್ಥಳವಿದ್ದರೂ ಕೂರುತ್ತಿರಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಮೊಣಕಾಲೂರುವಾಗ ಊರುತ್ತಿದ್ದರು, ಏಳುವಾಗ ಏಳುತ್ತಿದ್ದರು, ಪೂಜೆ ಮುಗಿದೊಡನೆ ಮಾಯವಾಗುತ್ತಿದ್ದರು.

ನಾನು ಮೇಷ್ಟರ ಧ್ವನಿಯಲ್ಲಿ ಕಾರಣಗಳನ್ನು ಕೊಟ್ಟೆ. "ಅಲ್ಲಮ್ಮ, ಅದು ದೂರ. ದಾರಿಯಲ್ಲಿ ದೀಪವಿಲ್ಲ. ಟೆಂಪೋದವನು ಹೆಚ್ಚು ಕೇಳ್ತಾನೆ. ಹೆಣ್ಣುಮಕ್ಕಳನ್ನ ಕರಕೊಂಡು ಹೋಗೋ ಜಾಗವಲ್ಲ. ಅದೂ ಅಲ್ಲದೆ, ನಮ್ಮ ಕನ್ನಡದ ಹಾಡು ಅವರಿಗೆ ಏನು ಅರ್ಥವಾಗುತ್ತೆ?"

ಒಂದೊಂದೂ ನಿಜವಾದ ಕಾರಣವೇ. ಇಂಥ ನಾಲ್ಕು ನಿಜಗಳನ್ನು ಒಟ್ಟಿಗೆ ಪೇರಿಸಿದರೆ ಅವುಗಳ ಹಿಂದೆ ಐದನೆಯದೊಂದನ್ನು ಅಡಗಿಸಬಹುದು. ಆ ಐದನೆಯ ಕಾರಣ ಲಕೋಟೆ. ಹುಡುಗಿ ಮಾತಾಡಲಿಲ್ಲ. ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ 'ಶೆಡ್ಡು' ಎಂದು ಬರೆದಿದ್ದಳು. ನಾನು ಅವಳ ಕೈಯಿಂದ ಹಾಳೆ ತೆಗೆದುಕೊಂಡು ರಬ್ಬರಿನಿಂದ ಅದನ್ನು ಅಳಿಸಿದೆ. ಮೂವತ್ತು ವರ್ಷ ಮಕ್ಕಳ ತಪ್ಪು ಅಳಿಸಿದ ಕೈ. ಗುರುತೂ ಉಳಿಯದ ಹಾಗೆ ಅಳಿಸಿತು.

ಹಾಡು ಅರ್ಥವಾಗುವುದಿಲ್ಲವೆಂದು ಹೇಳುವಾಗ ನನಗೆ ನಮ್ಮ ತಾತನ ನೆನಪು ಬರಬೇಕಾಗಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ ನಮ್ಮಲ್ಲಿ ಬಲಿಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ತಾತನಿಗೆ ಕನ್ನಡವೇ ಹೆಬ್ಬೆಟ್ಟಿನ ಮಟ್ಟದ್ದು. ಲ್ಯಾಟಿನ್ ಎಲ್ಲಿಂದ ಬರಬೇಕು? ಆದರೂ ಜೀವಮಾನವೆಲ್ಲ ಆ ಅರ್ಥವಾಗದ ಮಂತ್ರದ ಮುಂದೆ ಕೈಮುಗಿದು ನಿಂತು, ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದ. ಅವನನ್ನು ಯಾರೂ ಪಟ್ಟಿಯಿಂದ ಅಳಿಸಿರಲಿಲ್ಲ.

ತಿರುಗಾಟ ಚೆನ್ನಾಗಿ ನಡೆಯಿತು. ಲಕೋಟೆಗಳು ದಪ್ಪವಾಗಿಯೇ ಬಂದವು. ಮೂರನೆಯ ರಾತ್ರಿ ಕರೆಂಟು ಹೋಗಿ, ಕೀಬೋರ್ಡು ಮೂಕವಾಗಿ, ಗಿಟಾರೊಂದರಲ್ಲೇ ಹಾಡಿದೆವು. ಆ ದಿನದ ಹಾಡೇ ಎಲ್ಲಕ್ಕಿಂತ ಇಂಪಾಗಿತ್ತೆಂದು ಜನ ಹೇಳಿದರು. ನಾನು ಹುಡುಗರಿಗೆ, ಲೋಕಪ್ರಸಿದ್ಧವಾದ 'ಸೈಲೆಂಟ್ ನೈಟ್' ಗೀತೆಯೂ ಹೀಗೆಯೇ ಗಿಟಾರಿನ ಜೊತೆಯಲ್ಲಿ ಮೊದಲು ಹಾಡಿದ್ದೆಂದು ಉಪನ್ಯಾಸ ಕೊಟ್ಟೆ. 1818ರ ಡಿಸೆಂಬರ್ 24ರಂದು, ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ. ಪದ್ಯ ಬರೆದವರು ಅಲ್ಲಿಯ ಗುರು ಜೋಸೆಫ್ ಮೋರ್. ರಾಗ ಕಟ್ಟಿದವರು ಫ್ರಾನ್ಜ್ ಗ್ರೂಬರ್, ಪಕ್ಕದ ಊರಿನ ಶಾಲೆಯ ಮೇಷ್ಟರು. ಮೇಷ್ಟರು ಎಂಬ ಶಬ್ದವನ್ನು ನಾನು ಸ್ವಲ್ಪ ಒತ್ತಿಯೇ ಹೇಳಿದೆ. ಹುಡುಗರು ಆಕಳಿಸಿದರು.

ಇನ್ನು ನಾಟಕ. 24ರ ರಾತ್ರಿ ನಡುರಾತ್ರಿಯ ಪೂಜೆಗೆ ಮುಂಚೆ ಗುಡಿಯೊಳಗೆ ಅರ್ಧ ಗಂಟೆಯ ಆಟ. ತುಂಬು ಗರ್ಭಿಣಿ ಮರಿಯಮ್ಮ, ಅವಳ ಕೈಹಿಡಿದ ಜೋಸೆಫ್, ಬೆತ್ಲೆಹೇಮಿಗೆ ಬಂದು ತಂಗಲು ಸ್ಥಳ ಹುಡುಕುತ್ತಾರೆ. ನಮ್ಮ ಹಳೆಯ ಕನ್ನಡ ಬೈಬಲ್ಲಿನಲ್ಲಿ ಆ ತಂಗುವ ಮನೆಗೆ ಛತ್ರವೆಂದೇ ಹೆಸರು. ಅನುವಾದಿಸಿದ ಪುಣ್ಯಾತ್ಮರು ಎಂಥ ಶಬ್ದ ಆರಿಸಿದರು ನೋಡಿ! ಛತ್ರವೆಂದರೆ ನಮ್ಮ ನಾಡಿನಲ್ಲಿ ಬಂದವರಿಗೆಲ್ಲ ಬಾಗಿಲು ತೆರೆದಿರುವ ಧರ್ಮದ ಮನೆ. ಅಂಥ ಕಡೆಯಲ್ಲೂ ಸ್ಥಳವಿಲ್ಲವೆಂದರೆ ಅದರ ಕಷ್ಟ ಕನ್ನಡದವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಆ ಛತ್ರದ ಯಜಮಾನನ ಪಾತ್ರ ಯಾವ ಹುಡುಗನಿಗೂ ಬೇಡ. ಕುರುಬನಾದರೂ ಆದಾನು, ಕತ್ತೆಯ ಹಿಂಗಾಲಾದರೂ ಆದಾನು, ಮರಿಯಮ್ಮನನ್ನು ಬಾಗಿಲಿಂದ ಅಟ್ಟುವವನಾಗಲು ಒಲ್ಲ. ಹೀಗಾಗಿ ಆ ಪಾತ್ರ ವರ್ಷವರ್ಷವೂ ನನ್ನ ಪಾಲಿಗೆ. ತಲೆಗೆ ಪೇಟ, ಕೈಯಲ್ಲಿ ಲಾಂದ್ರ, ಮಾತು ಒಂದೇ: "ಜಾಗ ಇಲ್ಲ! ಮುಂದೆ ಹೋಗಿ!" ಮೇಷ್ಟರ ಗಂಟಲು ಸರಿಯಾಗಿ ಒಗ್ಗುವ ಮಾತು.

ಆ ರಾತ್ರಿ ಗುಡಿ ಕಿಕ್ಕಿರಿದಿತ್ತು. ವರ್ಷಕ್ಕೊಮ್ಮೆ ಬರುವವರೆಲ್ಲ ಬಂದಿದ್ದರು. ಮಗ್ಗುಲ ಬೀದಿಗಳಿಂದ ಹಿಂದೂ ನೆರೆಹೊರೆಯವರೂ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಆ ಆರು ಜನ ಎಂದಿನಂತೆ ಬಾಗಿಲಲ್ಲಿ ನಿಂತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಒಬ್ಬ ಹಣೆಯ ಕೂದಲನ್ನು ನೀರು ಹಚ್ಚಿ ಬಾಚಿದ್ದ.

ಜೋಸೆಫ್ ಬಾಗಿಲು ತಟ್ಟಿದ. ನಾನು ಲಾಂದ್ರ ಎತ್ತಿ, ಹುಬ್ಬು ಗಂಟಿಕ್ಕಿ, ಎಡಗೈಯನ್ನು ಬಾಗಿಲ ಕಡೆ ನೀಟಾಗಿ ಚಾಚಿ, "ಜಾಗ ಇಲ್ಲ! ಮುಂದೆ ಹೋಗಿ!" ಎಂದು ಅಬ್ಬರಿಸಿದೆ.

ಬೆಂಚಿನಲ್ಲಿದ್ದ ಮಕ್ಕಳು ನಕ್ಕರು. ನನ್ನ ಕಣ್ಣು ಚಾಚಿದ ಕೈಯ ನೇರಕ್ಕೆ ಹೋಯಿತು. ಕೈಯ ತುದಿಯಲ್ಲಿ ಆ ಆರು ಜನ ಇದ್ದರು. ಅವರು ನಗಲಿಲ್ಲ. ಇಬ್ಬರು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ನೀರು ಹಚ್ಚಿ ಬಾಚಿದ ಹುಡುಗ ಅತ್ತಿತ್ತ ನೋಡಿ, ತಲೆ ತಗ್ಗಿಸಿ, ಮೆಟ್ಟಿಲಿಳಿದು ಹೊರಗೆ ಚಳಿಯಲ್ಲಿ ನಿಂತುಕೊಂಡ.

ನಾಟಕ ನಿಲ್ಲುವಂತಿರಲಿಲ್ಲ. ಜೋಸೆಫ್, ಮರಿಯಮ್ಮ ಮುಂದೆ ಹೋದರು, ಕೊಟ್ಟಿಗೆಯಲ್ಲಿ ದೀಪ ಹತ್ತಿತು, ದೇವದೂತರು ಹಾಡಿದರು. ನಾನು ಪೇಟ ಬಿಚ್ಚಿ ಬಾಗಿಲಿಗೆ ಹೋಗುವ ಹೊತ್ತಿಗೆ ಘಂಟೆ ಬಾರಿಸಿತು, ಪೂಜೆ ಶುರುವಾಯಿತು. ಪೂಜೆ ಮುಗಿದು ಕೇಕು ಹಂಚುವಾಗ ಹುಡುಕಿದೆ. ಅವರು ಹೋಗಿದ್ದರು.

ಮನೆಗೆ ಬಂದು ನನ್ನಾಕೆಗೆ ಹೇಳಿದೆ. "ಅಯ್ಯೋ, ಅವರಿಗೆ ಕನ್ನಡ ಎಲ್ಲಿ ಬರುತ್ತೆ? ಏನೋ ಅಂದುಕೊಂಡಿರಬೇಕು ಬಿಡಿ" ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ನಾನೂ ಹಾಗೆಂದುಕೊಂಡೇ ಮಲಗಿದೆ. ನಿದ್ದೆ ಬರಲಿಲ್ಲ.

ಮರುದಿನ ಸಂಜೆ ವಾಡಿಕೆಯಂತೆ ಸಂಘದ ಮಕ್ಕಳನ್ನು ಸಂತ ಫಿಲೋಮಿನಾ ದೇವಾಲಯದ ಗೋದಲಿ ನೋಡಲು ಕರೆದುಕೊಂಡು ಹೋದೆ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ದೇವಾಲಯ. 175 ಅಡಿ ಎತ್ತರದ ಜೋಡಿ ಗೋಪುರ. ಕ್ರಿಸ್ಮಸ್ಸಿನ ದಿನ ಮೈಸೂರೆಲ್ಲ ಅಲ್ಲಿಯೇ ಇರುತ್ತದೆ. ಯಾರು ಯಾವ ಮತದವರೆಂದು ಕೇಳುವವರಿಲ್ಲ. ಕ್ರೈಸ್ತ ದೇವಾಲಯಕ್ಕೆ ಚಾಮುಂಡೇಶ್ವರಿಯ ಭಕ್ತರಾದ ಮಹಾರಾಜರು ಕಲ್ಲು ಇಟ್ಟ ಊರು ಇದು. ಆ ನೂಕುನುಗ್ಗಲಿನಲ್ಲಿ ನಿಂತು, ಅಂಥ ಊರಿನವನಾದ ನಾನು ನನ್ನ ಮತದವರನ್ನೇ ಒಂದು ರಬ್ಬರಿನಿಂದ ಅಳಿಸಿದೆನಲ್ಲ ಎಂದು ನಾಚಿಕೆಯಾಯಿತು.

ಪಕ್ಕದಲ್ಲಿ ಖಜಾಂಚಿ ಹುಡುಗಿ ಇದ್ದಳು. "ಪಟ್ಟಿಯಲ್ಲಿ ಒಂದು ಮನೆ ಉಳಿದುಹೋಯಿತಲ್ಲಮ್ಮ" ಎಂದೆ.

ಅವಳು ಕೂಡಲೇ ಅರ್ಥಮಾಡಿಕೊಂಡಳು. "ಹಬ್ಬ ಮುಗೀತಲ್ಲ ಸಾರ್."

"ಮುಗಿದಿಲ್ಲ. ಮೂರು ರಾಯರ ಹಬ್ಬ ಇನ್ನೂ ಇದೆ."

ಮೂಡಲ ದೇಶದಿಂದ ನಕ್ಷತ್ರ ನೋಡಿಕೊಂಡು ಬಂದ ಆ ಜ್ಞಾನಿಗಳನ್ನು ನಾವು ಮೂರು ರಾಯರೆನ್ನುತ್ತೇವೆ. ಹಳೆಯ ಬೈಬಲ್ಲು ಅವರನ್ನು ಜೋಯಿಸರೆಂದು ಕರೆಯುತ್ತದೆ. ಹಬ್ಬದ ತಿಥಿ ಜನವರಿ 6. ನಮ್ಮಲ್ಲಿ ಅದಕ್ಕೆ ಹತ್ತಿರದ ಭಾನುವಾರ ಆಚರಿಸುತ್ತಾರೆ. ಪಂಚಾಂಗ ಬಲ್ಲ ಜೋಯಿಸರೇ ಹೊತ್ತು ಮೀರಿ ಬಂದಿದ್ದರೆಂದ ಮೇಲೆ ಮಂಡಕಳ್ಳಿಯ ಮೇಷ್ಟರು ತಡವಾದದ್ದಕ್ಕೆ ಒಂದು ಆಧಾರ ಸಿಕ್ಕಿತು.

ಆ ಭಾನುವಾರ ರಾತ್ರಿ ಎಂಟಕ್ಕೆ ಟೆಂಪೋ ಹೊರಟಿತು. ಹದಿಮೂರು ಜನವೂ ಬಂದಿದ್ದರು. ಹುಡುಗಿಯರ ಜೊತೆ ಇಬ್ಬರು ತಾಯಂದಿರೂ ಕಜ್ಜಾಯದ ಡಬ್ಬಿ ಹಿಡಿದು ಹತ್ತಿದ್ದರು. ದಾರಿಯಲ್ಲಿ ದೀಪ ಇರಲಿಲ್ಲ. ಆ ಕಾರಣ ನಿಜವೇ ಆಗಿತ್ತು. ನಮ್ಮ ನಕ್ಷತ್ರದ ಬೆಳಕಿನಲ್ಲೇ ಹೋದೆವು.

ತಗಡಿನ ಸೂರು, ಸಾಲಾಗಿ ಕೋಣೆಗಳು, ಹೊರಗೆ ನೀರಿನ ಡ್ರಮ್ಮು, ಹಗ್ಗದ ಮೇಲೆ ನೀಲಿ ಸಮವಸ್ತ್ರಗಳು. ಹುಡುಗರು ಓಡಿ ಬಂದರು. "ಜೈ ಯೇಸು, ಮಾಸ್ಟರ್‌ಜೀ!" ಅವರು ಹಾಗೆಯೇ ವಂದಿಸುವುದು. ನನ್ನ ಹಿಂದಿ ಶಾಲೆಯ ದಿನಗಳಲ್ಲಿ ಪರೀಕ್ಷೆಗೆಂದು ಕಲಿತದ್ದು. ಲಿಂಗ ವಚನಗಳು ಒಂದೂ ಸರಿಯಿರುವುದಿಲ್ಲ. ಅವರದೂ ಹಾಗೆಯೇ ಎಂದು ತಿಳಿದು ಧೈರ್ಯವಾಯಿತು. ಹಿಂದಿ ಅವರಿಗೂ ಮನೆಮಾತಲ್ಲ. ಸಿಮ್ಡೇಗಾ, ಗುಮ್ಲಾ ಜಿಲ್ಲೆಗಳ ಹಳ್ಳಿಯವರು. ಒಬ್ಬ ಮುಂಡಾ, ಮೂವರು ಖಡಿಯಾ, ಇಬ್ಬರು ಉರಾಂವ್. 1971ರ ಯುದ್ಧದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ ತಮ್ಮ ಜಿಲ್ಲೆಯವನು, ತಮ್ಮ ಜನದವನು ಎಂದು ಉರಾಂವ್ ಹುಡುಗ ಎದೆಯುಬ್ಬಿಸಿ ಹೇಳಿದ. 1885ರಲ್ಲಿ ಛೋಟಾನಾಗಪುರಕ್ಕೆ ಬಂದು, ಜಮೀನು ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಪರವಾಗಿ ಕೋರ್ಟು ಕಚೇರಿ ಅಲೆದ ಬೆಲ್ಜಿಯಮ್ಮಿನ ಪಾದ್ರಿ ಕಾನ್‌ಸ್ಟಂಟ್ ಲೀವನ್ಸರ ಹೆಸರನ್ನು ಅವರು ಮನೆಯ ಹಿರಿಯರ ಹೆಸರಿನಂತೆ ಎತ್ತಿದರು.

ಕಿಟಕಿಯ ಮೇಲೆ ಅವರದೂ ಒಂದು ಗೋದಲಿ ಇತ್ತು. ಅವರ ಮಾತಿನಲ್ಲಿ ಅದು 'ಚರನಿ'. ರಟ್ಟಿನ ಪೆಟ್ಟಿಗೆಯ ಕೊಟ್ಟಿಗೆ, ಸಿಮೆಂಟಿನ ಚೀಲದ ಬೆಟ್ಟ, ಬಿಸ್ಕತ್ತಿನ ಹೊಳೆಯುವ ಕಾಗದದ ನಕ್ಷತ್ರ. ಹಬ್ಬ ಕಳೆದು ಇಷ್ಟು ದಿನವಾದರೂ ಬಿಚ್ಚಿರಲಿಲ್ಲ. ನಾವು ಬರುತ್ತೇವೆಂದು ಖಜಾಂಚಿ ಹುಡುಗಿ ಹೇಳಿಟ್ಟಿದ್ದಳಂತೆ.

ನಾವು ಎರಡು ಹಾಡು ಹಾಡಿದೆವು. ಅರ್ಥವಾಗದ ಹಾಡಿಗೆ ಅವರು ತಲೆದೂಗಿದರು. ಆಮೇಲೆ ಅವರು ಹಾಡಿದರು. ಊರಿನಲ್ಲಾಗಿದ್ದರೆ ಮಾಂದರ್ ಎಂಬ ಮಣ್ಣಿನ ಮೈಯ ಮೃದಂಗ ಇರುತ್ತಿತ್ತು; ಇಲ್ಲಿ ಬಣ್ಣದ ಖಾಲಿ ಬಕೀಟು. ಒಬ್ಬರ ಕೈಯಲ್ಲಿ ಒಬ್ಬರು ಕೈ ಹೆಣೆದು, ಸಾಲಾಗಿ ಮುಂದೆರಡು ಹೆಜ್ಜೆ, ಹಿಂದೊಂದು ಹೆಜ್ಜೆ. ನಮ್ಮ ಹುಡುಗರು ಒಬ್ಬೊಬ್ಬರಾಗಿ ಸಾಲಿಗೆ ಸೇರಿದರು. ಕ್ರಿಸ್ಮಸ್ ತಾತನ ಗಡ್ಡ ಕಳಚಿ ಬಿತ್ತು.

ಕುಣಿತದ ನಡುವೆ ಉರಾಂವ್ ಹುಡುಗ ತನ್ನ ಜೊತೆಯವನಿಗೆ ಏನೋ ಹೇಳಿದ. ಅದರಲ್ಲಿ 'ನೀನ್' ಎಂಬ ಶಬ್ದ ನನ್ನ ಕಿವಿಗೆ ಬಿತ್ತು. ಕನ್ನಡ ಕಲಿತಿರಬೇಕೆಂದುಕೊಂಡೆ. ಕೇಳಿದರೆ, ಇಲ್ಲ, ಅದು ತಮ್ಮ ಮನೆಮಾತು, ಕುರುಖ್ ಎಂದ.

ಓದುಗರೇ, ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆಸಿದ್ದೇನೆ: ದ್ರಾವಿಡ ಭಾಷೆಗಳು, ಉತ್ತರದ ಶಾಖೆ: ಕುರುಖ್, ಮಾಲ್ತೊ, ಬ್ರಾಹುಯಿ. ಬಿಟ್ಟ ಸ್ಥಳ ತುಂಬಲು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೋ. 2011ರ ಜನಗಣತಿಯಲ್ಲಿ ಸುಮಾರು 20 ಲಕ್ಷ ಜನ ಆಡುವ ಭಾಷೆ. ಅದನ್ನಾಡುವ ಮನುಷ್ಯ ಎರಡು ವರ್ಷದಿಂದ ನಮ್ಮ ಗುಡಿಯ ಬಾಗಿಲಲ್ಲಿ ನಿಂತಿದ್ದ. ನಾನು ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ.

ಕಣ್ಣು ತೋರಿಸಿದೆ. 'ಖನ್' ಎಂದ. ಬಾಯಿ ತೋರಿಸಿದೆ. 'ಬಈ'. ಹಲ್ಲು? 'ಪಲ್ಲ್'. ಹಳಗನ್ನಡದಲ್ಲಿ ನಮ್ಮ ಹಲ್ಲೂ 'ಪಲ್' ಆಗಿತ್ತು. 'ಎನ್' ಎಂದರೆ ನಾನು. ಎಣಿಸು ಎಂದೆ. ಒಂಟಾ, ಏಂಡ್, ಮೂಂದ್, ನಾಖ್. ನಾಲ್ಕರವರೆಗೆ ನಾವು ಒಂದೇ ಮನೆಯವರು. ಐದಕ್ಕೆ ಬರುವ ಹೊತ್ತಿಗೆ ಅವನು ಹಿಂದಿಯ ಕಡೆಯ ದಾರಿ ಹಿಡಿದ. ನಮ್ಮ ಹುಡುಗರು ಬೆರಳು ಮಡಿಸಿ ಅವನ ಜೊತೆ ಎಣಿಸುತ್ತ ನಕ್ಕರು.

ಆ ಸಂಭ್ರಮದಲ್ಲಿ ನಮ್ಮ ಕಾರ್ಯದರ್ಶಿ, "ನಿಮಗೆ ಇಷ್ಟು ದಿನಕ್ಕೆ ಎಷ್ಟು ಕನ್ನಡ ಬಂತು?" ಎಂದು ಕೇಳಿದ. ನೀರು ಹಚ್ಚಿ ಬಾಚುವ ಆ ಹುಡುಗ ಬೆರಳು ಮಡಿಸಿ ಒಪ್ಪಿಸಿದ: "ಎಷ್ಟು. ಸಾಕು. ಆಮೇಲೆ ಬಾ. ಜಾಗ ಇಲ್ಲ."

ಬಸ್ಸಿನಲ್ಲಿ ಕಲಿತದ್ದು, ಬಾಡಿಗೆಗೆ ಮನೆ ಕೇಳುವಾಗ ಕಲಿತದ್ದು ಎಂದ. ನಗುತ್ತಲೇ ಹೇಳಿದ, ನನ್ನ ಕಡೆ ನೋಡಲಿಲ್ಲ. ನನ್ನಾಕೆಯ ಸಮಾಧಾನ ಅಲ್ಲಿಗೆ ಮುಗಿಯಿತು. ನಾಟಕದ ಅಷ್ಟು ಕನ್ನಡದಲ್ಲಿ ಅವರಿಗೆ ಸ್ಪಷ್ಟವಾಗಿ ಅರ್ಥವಾಗಿದ್ದದ್ದು ನನ್ನ ಮಾತೊಂದೇ.

ನಾನು ಅವನ ಹತ್ತಿರ ಕುಳಿತು, ನನ್ನ ಲಿಂಗ ವಚನಗಳಿಲ್ಲದ ಹಿಂದಿಯಲ್ಲಿ, ಅದು ಆಟದ ಮಾತೆಂದೂ, ಆಡಿದವನು ಛತ್ರದ ಯಜಮಾನನೆಂದೂ, ಆದರೂ ಕ್ಷಮಿಸಬೇಕೆಂದೂ ಹೇಳಿದೆ. ಪಟ್ಟಿಯ ವಿಷಯವನ್ನೂ ಹೇಳಿದೆ. ಅವನಿಗೆ ಎಷ್ಟು ಅರ್ಥವಾಯಿತೋ. ಎದ್ದುಹೋಗಿ ಸ್ಟೀಲ್ ಲೋಟದಲ್ಲಿ ಕರಿ ಚಹ ತಂದು ಕೈಗಿಟ್ಟ. ಕೂರಲು ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನೇ ಕುಳಿತಿದ್ದೆ.

ಹೊರಡುವಾಗ ಅವರೂ ಬಾಲಯೇಸುವಿನ ತಟ್ಟೆಗೆ ಒಂದು ಲಕೋಟೆ ಹಾಕಿದರು. ಸಂಬಳದ ಹಳೆಯ ಲಕೋಟೆ. ಬೇಡವೆನ್ನಲು ಬಾಯಿ ತೆರೆದೆ. ಖಜಾಂಚಿ ಹುಡುಗಿ ಕಣ್ಣಲ್ಲೇ ತಡೆದಳು. ಬೇಡವೆಂದಿದ್ದರೆ ಅದೂ ಇನ್ನೊಂದು 'ಜಾಗ ಇಲ್ಲ' ಆಗುತ್ತಿತ್ತು. ಮನೆಗೆ ಬಂದು ಅವಳು ಲೆಕ್ಕದ ಪುಸ್ತಕದಲ್ಲಿ 'ಶೆಡ್ಡು: 300 ರೂ.' ಎಂದು ಪೆನ್ನಿನಲ್ಲಿ ಬರೆದಳು.

ಈಗ ಆ ಆರು ಜನರಲ್ಲಿ ನಾಲ್ವರು ಇಲ್ಲ. ಗುತ್ತಿಗೆ ಮುಗಿಯಿತು, ಒಬ್ಬ ಹೊಸೂರಿಗೆ, ಉಳಿದವರು ಕೇರಳಕ್ಕೆ. ಕೋಣೆಗಳಿಗೆ ಬೇರೆ ಕಡೆಯ ಹುಡುಗರು ಬಂದಿದ್ದಾರೆ. ಉರಾಂವ್ ಹುಡುಗ ಉಳಿದಿದ್ದಾನೆ; ನಮ್ಮ ಡೋಲು ಈಗ ಅವನ ಕೈಯಲ್ಲಿದೆ. ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಕೂರುತ್ತಾನೆ. ಖಜಾಂಚಿ ಹುಡುಗಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಪಟ್ಟಿ ಮಾಡುವವರು ಹೊಸಬರು. ಶೆಡ್ಡುಗಳಿಗೆ ಮೊದಲ ರಾತ್ರಿ, ಏಳೂವರೆ ಗಂಟೆ, ಗಂಟಲು ಹೊಸದಾಗಿರುವಾಗ. ಲಕೋಟೆಗಳ ಒಟ್ಟು ಮೊತ್ತ ಸ್ವಲ್ಪ ಇಳಿದಿದೆ. ಗುರುಗಳು ಲೆಕ್ಕ ನೋಡಿದರು, ಏನೂ ಹೇಳಲಿಲ್ಲ.

ಛತ್ರದ ಯಜಮಾನನ ಪಾತ್ರ ಇನ್ನೂ ನನ್ನದೇ. ಬೇರೆ ಯಾರೂ ಒಪ್ಪುವುದಿಲ್ಲ. ಕಥೆ ನಡೆಯಬೇಕಾದರೆ ಯಾರಾದರೊಬ್ಬರು ಆ ಮಾತನ್ನು ಆಡಲೇಬೇಕು, ಮಾತು ಬದಲಾಯಿಸುವಂತಿಲ್ಲ. ಆದರೆ ಕೈಯನ್ನು ಈಗ ಬಾಗಿಲ ಕಡೆ ಚಾಚುವುದಿಲ್ಲ. ಲಾಂದ್ರವನ್ನು ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತೇನೆ.